ಜಾಂಜಿಬಾರಿನ ಕಂಠ, ಮೊರೊಗೊರೊದ ತಂತಿ

1928ನೆಯ ಇಸವಿಯಲ್ಲಿ ಪೂರ್ವ ಆಫ್ರಿಕದ ಜಾಂಜಿಬಾರ್ ದ್ವೀಪದಿಂದ ಹಡಗನ್ನೇರಿ, ಅರಬ್ಬೀ ಸಮುದ್ರವನ್ನು ದಾಟಿ, ಮುಂಬಯಿಯ ರೇವಿನಲ್ಲಿ ಬಂದಿಳಿದ ಒಂದು ಸಣ್ಣ ಸಂಗೀತಮೇಳದ ಸಂಗತಿ ನಮ್ಮಲ್ಲಿ ಬಹುಮಂದಿಗೆ ತಿಳಿದಿಲ್ಲ. ಮೇಳದ ನಾಯಿಕೆ ಐವತ್ತರ ಹತ್ತಿರ ಹತ್ತಿರದ ವಯಸ್ಸಿನ ಒಬ್ಬ ಹೆಂಗಸು. ಜೊತೆಯಲ್ಲಿದ್ದವರು ಪಿಟೀಲು, ಊದ್ ಮೊದಲಾದ ವಾದ್ಯಗಳನ್ನು ನುಡಿಸುವ ನಾಲ್ಕಾರು ಗಂಡಸರು. ನಾಯಿ ಕುಳಿತು ಕೇಳುವ ಮುದ್ರೆಯ ಮೂಲಕ ನಮ್ಮ ಹಿರಿಯರಿಗೆಲ್ಲ ಚಿರಪರಿಚಿತವಾಗಿದ್ದ ಗ್ರಾಮಫೋನ್ ಸಂಸ್ಥೆಯವರು ತಟ್ಟೆಗಳನ್ನು ತಯಾರಿಸುವುದಕ್ಕಾಗಿ ಅವರನ್ನು ಅಷ್ಟು ದೂರದಿಂದ ಬರಮಾಡಿಕೊಂಡಿದ್ದರು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲ ಅದು. ನಮ್ಮ ಉತ್ತರದ ಕನ್ನಡಿಗರು ವ್ಯಾಜ್ಯಕ್ಕೂ ವಿದ್ಯೆಗೂ ವ್ಯಾಪಾರಕ್ಕೂ ಯಾವ ಪಟ್ಟಣದತ್ತ ಮುಖ ಮಾಡುತ್ತಿದ್ದರೋ ಅದೇ ಪಟ್ಟಣದಲ್ಲಿ, ಸ್ವಾಹಿಲಿ ಭಾಷೆಯ ಗಾಯನವು ಪೂರ್ವ ಆಫ್ರಿಕದ ಮೊದಮೊದಲ ಧ್ವನಿಮುದ್ರಿಕೆಗಳಾಗಿ ರೂಪತಾಳಿತು. ಆ ನಾಯಿಕೆಯ ಹೆಸರು ಸಿತಿ ಬಿಂತಿ ಸಾದ್.

ಟಾಂಜಾನಿಯ ಎಂದು ನಾವು ಇಂದು ಕರೆಯುವ ರಾಷ್ಟ್ರವು ಭೂಖಂಡದ ಟಾಂಗನೀಕ, ಸಮುದ್ರಮಧ್ಯದ ಜಾಂಜಿಬಾರ್ ಎಂಬ ಎರಡು ನಾಡುಗಳು 1964ರ ಏಪ್ರಿಲಿನಲ್ಲಿ ಒಂದಾಗಿ ಉಂಟಾದದ್ದು. ನೂರಿಪ್ಪತ್ತಕ್ಕೂ ಮಿಕ್ಕ ಭಾಷೆಗಳನ್ನಾಡುವ ಅಲ್ಲಿನ ಜನಸಮುದಾಯಗಳನ್ನು ಒಂದು ಸೂತ್ರದಲ್ಲಿ ಹಿಡಿದಿರುವುದು ಸ್ವಾಹಿಲಿ. ಆ ನಾಡಿನ ಸಂಗೀತದ ಕಥೆಯನ್ನು ಅನುಸರಿಸುತ್ತ ಹೋದವನಿಗೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ಈಜಿಪ್ಟಿನಿಂದ ಬಂದ ರಾಗವನ್ನಾಗಲಿ, ಕ್ಯೂಬಾದಿಂದ ಬಂದ ಲಯವನ್ನಾಗಲಿ, ಕಾಂಗೋದ ಗಿಟಾರನ್ನಾಗಲಿ, ಕಡೆಗೆ ಅಮೆರಿಕದ ರ‍್ಯಾಪನ್ನಾಗಲಿ ಆ ಜನ ಬೇಡವೆನ್ನಲಿಲ್ಲ, ಯಾವುದನ್ನೂ ಬಂದ ಹಾಗೆಯೇ ಇಟ್ಟುಕೊಳ್ಳಲೂ ಇಲ್ಲ. ಅದಕ್ಕೆ ತಮ್ಮ ಮಾತನ್ನು ಕೊಟ್ಟು, ತಮ್ಮ ಓಣಿಯ ಸುದ್ದಿಯನ್ನೂ ಸಂಕಟವನ್ನೂ ಅದರೊಳಗಿಟ್ಟು, ಸ್ವಂತದ್ದಾಗಿ ಮಾಡಿಕೊಂಡರು. ಈ ಕಾರ್ಯವನ್ನು ಮೊದಲು ಮಾಡಿ ತೋರಿಸಿದವಳು ಸಿತಿಯಾದುದರಿಂದ ಅವಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಜಾಂಜಿಬಾರಿನ ಶಿಷ್ಟಸಂಗೀತಕ್ಕೆ ತಾರಬ್ ಎಂದು ಹೆಸರು. 1870ರಿಂದ 1888ರವರೆಗೆ ಆ ದ್ವೀಪವನ್ನಾಳಿದ ಸುಲ್ತಾನ ಬರ್ಗಶನು, ಪಟ್ಟಕ್ಕೆ ಬರುವುದಕ್ಕೆ ಮುಂಚೆ ಅಣ್ಣನ ಮೇಲೆ ದಂಗೆಯೆದ್ದು ಸೋತು ಕೆಲವು ಕಾಲ ಮುಂಬಯಿಯಲ್ಲಿ ದೇಶಭ್ರಷ್ಟನಾಗಿದ್ದವನು, ಅರಮನೆಯ ವಿನೋದಕ್ಕಾಗಿ ಈಜಿಪ್ಟಿನ ಸಂಗೀತವನ್ನು ತರಿಸಿದನೆಂದೂ, ಮಹಮದ್ ಇಬ್ರಾಹಿಮನೆಂಬ ಯುವಕನನ್ನು ಕೈರೋ ನಗರಕ್ಕೆ ಕಳುಹಿಸಿ ಕಾನೂನ್ ಎಂಬ ಬಹುತಂತಿಯ ವಾದ್ಯವನ್ನು ಕಲಿಸಿದನೆಂದೂ ಅಲ್ಲಿನವರು ಪರಂಪರೆಯಾಗಿ ಹೇಳಿಕೊಂಡು ಬಂದಿದ್ದಾರೆ. 1905ರಲ್ಲಿ ಇಖ್ವಾನಿ ಸಫಾ ಎಂಬ ಗಾಯನಸಂಘ ಸ್ಥಾಪಿತವಾಯಿತು. ಅದು ಇಂದಿಗೂ ಜೀವಂತವಾಗಿದೆ. ಸಂಘದ ಸದಸ್ಯರು ಗಂಡಸರು, ಅನುಕೂಲಸ್ಥರು. ಅವರು ಹಾಡುತ್ತಿದ್ದುದು ಅರಬ್ಬೀ ಭಾಷೆಯಲ್ಲಿ. ಅರ್ಥವಾಗದ ಮಾತನ್ನು ಇಂಪಾಗಿ ಕೇಳುವುದೇ ಗೌರವದ ಲಕ್ಷಣವೆಂದು ಬಗೆದ ಸಭೆಗಳು ಎಲ್ಲ ದೇಶಗಳಲ್ಲಿಯೂ ಉಂಟು. ಜಾಂಜಿಬಾರಿನ ಸಭೆಯೂ ಆಗ ಹಾಗೆಯೇ ಇದ್ದಿತು.

ಸಿತಿ ಹುಟ್ಟಿದ್ದು 1880ರ ಸುಮಾರಿಗೆ, ದ್ವೀಪದ ಫುಂಬಾ ಎಂಬ ಗ್ರಾಮದಲ್ಲಿ. ತಂದೆತಾಯಿಗಳು ಗುಲಾಮರ ಸಂತತಿಗೆ ಸೇರಿದವರು. ಮಗುವಿಗೆ ಇಟ್ಟ ಹೆಸರು ಕೂಡ ಗುಲಾಮಳೆಂದೇ ಸೂಚಿಸುವ ಮ್ತುಮ್ವಾ ಎಂಬುದು. ಗೌರವಸೂಚಕವಾದ ಸಿತಿ ಎಂಬ ಹೆಸರು ಕೀರ್ತಿಯೊಡನೆ ಬಂದದ್ದು. ಮನೆತನದ ಕಸುಬು ಮಡಕೆ ಮಾಡುವುದು. ಹುಡುಗಿ ಮಡಕೆಗಳನ್ನು ಹೊತ್ತು ಕೂಗಿ ಮಾರುತ್ತ ತಿರುಗುವಾಗಲೇ ಅವಳ ಧ್ವನಿ ದೂರದವರೆಗೆ ಕೇಳಿಸುತ್ತಿತ್ತಂತೆ. ಜಾಂಜಿಬಾರಿನಲ್ಲಿ ಗುಲಾಮಗಿರಿಗೆ ಕಾನೂನಿನ ಆಶ್ರಯ ತಪ್ಪಿದ್ದು 1897ರಲ್ಲಿ. ಕಾನೂನು ತಪ್ಪಿದ ಮಾತ್ರಕ್ಕೆ ಕಳಂಕ ತಪ್ಪಲಿಲ್ಲ; ಉಡುವ ಬಟ್ಟೆಯಿಂದಲೇ ಇಂಥವರು ಇಂಥ ಕುಲದವರೆಂದು ಗುರುತುಹಿಡಿಯುವ ಕಾಲ ಅದು. ಗುಲಾಮ ಸ್ತ್ರೀಯರು ಉಡುತ್ತಿದ್ದದ್ದು ಕಾನಿಕಿ ಎಂಬ ಕಡುನೀಲಿಯ ಒರಟು ಬಟ್ಟೆ. ಬಿಡುಗಡೆಯಾದ ಹೆಂಗಸರು ಅದನ್ನು ಎಸೆದು, ಬಣ್ಣಬಣ್ಣದ ಅಚ್ಚಿನ ಕಾಂಗಾ ಎಂಬ ವಸ್ತ್ರವನ್ನು ಉಡಲು ಮೊದಲುಮಾಡಿದರು. 1911ರಲ್ಲಿ ಗ್ರಾಮವನ್ನು ಬಿಟ್ಟು ಪಟ್ಟಣಕ್ಕೆ ಬಂದ ಸಿತಿ ಈ ಹೊಸ ಹೆಂಗಸರ ನಡುವೆ, ಶ್ರೀಮಂತರ ಕಲ್ಲಿನ ಮನೆಗಳಿಗೆ ಎದುರಾಗಿ ಕಡಲ ಕಾಲುವೆಯಾಚೆ ಬೆಳೆದಿದ್ದ ಙಾಂಬೊ ಎಂಬ ಬಡವರ ಕೇರಿಯಲ್ಲಿ, ನೆಲೆಸಿದಳು.

ಇಖ್ವಾನಿ ಸಫಾದ ಕಲಾವಿದನಾದ ಅಲಿ ಮುಹ್ಸಿನನು ಆಕೆಯ ಕಂಠವನ್ನು ಕೇಳಿ ಬೆರಗಾಗಿ ಪಾಠ ಹೇಳಲು ಒಪ್ಪಿದನು. ಓದುಬರಹವನ್ನು ಅರಿಯದ ಆಕೆ ಅರಬ್ಬೀ ಉಚ್ಚಾರಣೆಯನ್ನೂ ಕುರಾನಿನ ಪಠನಕ್ರಮವನ್ನೂ ಶ್ರಮಪಟ್ಟು ಸಾಧಿಸಿದಳು. ಅಷ್ಟನ್ನು ಸಾಧಿಸಿದ ಮೇಲೆ ಮತ್ತೊಬ್ಬರಾಗಿದ್ದರೆ ಶಿಷ್ಟರ ಸಭೆಯಲ್ಲಿ ದೊರೆತ ಆಸನದಲ್ಲಿ ತೃಪ್ತಿಯಿಂದ ಕುಳಿತುಬಿಡುತ್ತಿದ್ದರೇನೋ. ಸಿತಿ ಕುಳಿತುಕೊಳ್ಳಲಿಲ್ಲ. ಸುಲ್ತಾನನ ಅರಮನೆಯಲ್ಲಿ ಅರಬ್ಬಿಯಲ್ಲಿ ಹಾಡಿದವಳು, ರಾತ್ರಿ ಕೇರಿಗೆ ಹಿಂದಿರುಗಿ, ತನ್ನ ಮನೆಯಲ್ಲಿ ನೆರೆದ ಕೂಲಿಯವರಿಗೂ ಕೆಲಸದ ಹೆಂಗಸರಿಗೂ ಸ್ವಾಹಿಲಿಯಲ್ಲಿ ಹಾಡಿದಳು. ಮೇಳದವರೆಲ್ಲ ಕೂಡಿ, ಹಗಲು ಕೇಳಿದ ಸುದ್ದಿಯನ್ನು ಹಾಡಾಗಿ ಕಟ್ಟುತ್ತಿದ್ದರು. ಹಣವನ್ನು ನುಂಗಿದ ಗುಮಾಸ್ತ, ಹೆಂಡತಿಯನ್ನು ಹೊಡೆಯುವ ಗಂಡ, ಬಡವನ ಮೊರೆಗೆ ಕಿವಿಗೊಡದ ನ್ಯಾಯಾಲಯ, ಎಲ್ಲವೂ ಆ ಹಾಡುಗಳಿಗೆ ವಸ್ತುವಾಯಿತು. ಕಿಜಿತಿ ಎಂಬುದು ಅವುಗಳಲ್ಲಿ ಬಹು ಪ್ರಸಿದ್ಧವಾದದ್ದು. ಪರಸ್ಥಳದಿಂದ ಬಂದ ಒಬ್ಬ ಹೆಂಗಸನ್ನು ಕೊಂದ ಪುರುಷನೊಬ್ಬನು ಸಮುದ್ರ ದಾಟಿ ಪಾರಾಗಿ ಹೋದದ್ದೂ, ಸಾಕ್ಷಿ ನುಡಿಯಲು ಬಂದ ಹೆಂಗಸರೇ ಶಿಕ್ಷೆಗೆ ಗುರಿಯಾದದ್ದೂ ಅದರ ಕಥೆ. ನ್ಯಾಯಾಧೀಶನ ದಾಖಲೆ ಈಗ ಯಾರಿಗೂ ನೆನಪಿಲ್ಲ. ಹಾಡು ಮಾತ್ರ ಈಗಲೂ ದ್ವೀಪದಲ್ಲಿ ಕೇಳಿಬರುತ್ತದೆ.

ಕೀರ್ತಿ ಬಂದಂತೆ ಅಸೂಯೆಯೂ ಬಂದಿತು. ನಿನ್ನೆ ಮೊನ್ನೆ ಕಾನಿಕಿಯುಟ್ಟು ಹಳ್ಳಿಯಿಂದ ಬಂದವಳು, ರೂಪವಿಲ್ಲದವಳು ಎಂದು ಪ್ರತಿಸ್ಪರ್ಧಿಗಳು ಪದ ಕಟ್ಟಿ ಹೀಯಾಳಿಸಿದರು. ಸಿತಿಯ ಉತ್ತರವೂ ಹಾಡಿನಲ್ಲಿಯೇ: ರೂಪವಾಗಲಿ ಕುಲವಾಗಲಿ ಕೀಳುಮೇಲನ್ನು ನಿರ್ಧರಿಸಲಾರದು, ಬುದ್ಧಿಯಿಲ್ಲದಿರುವುದೇ ಕುಂದು ಎಂಬುದು ಅದರ ತಾತ್ಪರ್ಯ. ಮುಂಬಯಿಯಲ್ಲಿ ಮುದ್ರಿತವಾದ ತಟ್ಟೆಗಳು ಹಿಂದಿರುಗಿ ಹೋಗಿ ಮೊಂಬಾಸದಿಂದ ದಾರ್-ಎಸ್-ಸಲಾಮಿನವರೆಗೆ ಕಾಫಿಯಂಗಡಿಗಳಲ್ಲಿ ಮೊಳಗಿದಾಗ, ತಮ್ಮ ಮನೆಯ ಮಾತು ಯಂತ್ರದೊಳಗಿಂದ ಬರುವುದನ್ನು ಕರಾವಳಿಯ ಜನ ಕೇಳಿದರು. 1950ರಲ್ಲಿ ಆಕೆ ತೀರಿಕೊಂಡಳು. ಸ್ವಾಹಿಲಿಯ ಮಹಾಕವಿಗಳಲ್ಲೊಬ್ಬನಾದ ಶಾಬಾನ್ ರಾಬರ್ಟನು ಆಕೆಯ ಜೀವನಚರಿತ್ರೆಯನ್ನು ಬರೆದನು. ಓದು ಬಾರದ ಕುಂಬಾರಗಿತ್ತಿಯ ಚರಿತ್ರೆಯನ್ನು ಭಾಷೆಯ ಅಗ್ರಗಣ್ಯ ಲೇಖಕನು ಬರೆಯುವುದೆಂದರೆ ಸಾಮಾನ್ಯವಾದ ಗೌರವವಲ್ಲ. ಟಾಂಜಾನಿಯದ ಪತ್ರಕರ್ತೆಯರ ಸಂಘವು ತನ್ನ ಪತ್ರಿಕೆಗೆ ಸಿತಿಯ ಧ್ವನಿ ಎಂಬರ್ಥದ ಹೆಸರನ್ನಿಟ್ಟಿತು.

ಸಿತಿಯ ಹಾಡುಗಳನ್ನು ಕದ್ದು ಕೇಳಿ ಕಲಿತ ಹುಡುಗಿಯೊಬ್ಬಳು ಅವುಗಳನ್ನು ಇಪ್ಪತ್ತೊಂದನೆಯ ಶತಮಾನದವರೆಗೆ ಹೊತ್ತು ತಂದಳು. ಫಾತುಮಾ ಬಿಂತಿ ಬರಕಾ ಆಕೆಯ ನಿಜವಾದ ಹೆಸರು. ಲೋಕವೆಲ್ಲ ಬಲ್ಲದ್ದು ಬೀ ಕಿದೂದೆ ಎಂದು. ತಂದೆ ತೆಂಗಿನಕಾಯಿ ಮಾರುವವನು. ಹುಟ್ಟಿದ ವರ್ಷ ಆಕೆಗೇ ತಿಳಿಯದು. ಜಾಂಜಿಬಾರಿನಲ್ಲಿ ರೂಪಾಯಿ ಚಲಾವಣೆಯಲ್ಲಿದ್ದ ಕಾಲದಲ್ಲಿ ಹುಟ್ಟಿದೆನೆಂದು ಹೇಳುತ್ತಿದ್ದಳು. ಹಿಂದೂಸ್ಥಾನದ ವರ್ತಕರ ಪ್ರಾಬಲ್ಯದಿಂದ ಆ ದ್ವೀಪದಲ್ಲಿ ರೂಪಾಯಿಯೇ ನಾಣ್ಯವಾಗಿದ್ದಿತು. ಬಲವಂತದ ಮದುವೆಯಿಂದ ತಪ್ಪಿಸಿಕೊಂಡು, ಬರಿಗಾಲಿನಲ್ಲಿ ಭೂಖಂಡದ ಊರೂರುಗಳನ್ನು ಅಲೆದು, ಹಾಡಿ ಹೊಟ್ಟೆಹೊರೆದು, ದ್ವೀಪಕ್ಕೆ ಮರಳಿದ ಈ ಸ್ತ್ರೀ ಎರಡು ವಿದ್ಯೆಗಳಲ್ಲಿ ಪಾರಂಗತಳಾಗಿದ್ದಳು. ಒಂದು ತಾರಬ್. ಇನ್ನೊಂದು ಉನ್ಯಾಗೊ, ಎಂದರೆ ಪ್ರಾಪ್ತವಯಸ್ಕರಾದ ಹೆಣ್ಣುಮಕ್ಕಳಿಗೆ ದಾಂಪತ್ಯದ ವಿಷಯಗಳನ್ನು ಹಾಡು ಕುಣಿತಗಳ ಮೂಲಕ ತಿಳಿಯಹೇಳುವ, ಗಂಡಸರಿಗೆ ಪ್ರವೇಶವಿಲ್ಲದ ಸಂಸ್ಕಾರ. ಎದೆಯೆತ್ತರದ ನೀಳವಾದ ಮದ್ದಳೆಯನ್ನು ಬಟ್ಟೆಯಿಂದ ಸೊಂಟಕ್ಕೆ ಕಟ್ಟಿಕೊಂಡು, ಕಾಲುಗಳ ನಡುವೆ ಓರೆಯಾಗಿ ನಿಲ್ಲಿಸಿ, ಎರಡೂ ಅಂಗೈಗಳಿಂದ ಬಾರಿಸುತ್ತ ಆಕೆ ನಿಂತ ನಿಲುವನ್ನು ಚಿತ್ರಗಳಲ್ಲಿ ನೋಡಿದರೂ ಸಾಕು, ಆ ಕೃಶವಾದ ದೇಹದಲ್ಲಿ ಅಡಗಿದ್ದ ಕಸುವು ತಿಳಿಯುತ್ತದೆ. ಕಂಠವೋ, ಒರಟಾದದ್ದು, ಆಳವಾದದ್ದು, ಹೊಗೆಯಿಂದ ಕಪ್ಪಿಟ್ಟಂಥದ್ದು; ಧ್ವನಿವರ್ಧಕದ ಹಂಗಿಲ್ಲದೆ ಸಭೆಯ ಕಟ್ಟಕಡೆಯ ಸಾಲನ್ನು ಮುಟ್ಟುತ್ತಿತ್ತು. ಮಾಧುರ್ಯವೊಂದನ್ನೇ ಸಂಗೀತದ ಗುಣವೆಂದು ಎಣಿಸುವವರು ಆಕೆಯ ಗಾಯನವನ್ನು ಒಮ್ಮೆ ಕೇಳಬೇಕೆಂದು ನಾನು ಆಗ್ರಹಪೂರ್ವಕವಾಗಿ ಹೇಳುತ್ತೇನೆ. 2005ರಲ್ಲಿ ಲೋಕಸಂಗೀತದ ವೋಮೆಕ್ಸ್ ಪ್ರಶಸ್ತಿ ಬಂದಿತು. 2013ರ ಏಪ್ರಿಲಿನಲ್ಲಿ, ನೂರು ವರ್ಷ ತುಂಬಿರಬಹುದಾದ ವಯಸ್ಸಿನಲ್ಲಿ, ಆಕೆ ಕಾಲವಾದಳು.

ತಾರಬ್ ಸಭೆಯ ನಡವಳಿಕೆಯನ್ನು ಇಲ್ಲಿ ಹೇಳದಿದ್ದರೆ ಈ ಗಾಯಕಿಯರ ಪ್ರಭಾವ ಪೂರ್ತಿ ತಿಳಿಯುವುದಿಲ್ಲ. ಕಾನೂನ್, ಊದ್, ಪಿಟೀಲುಗಳು, ಅಕಾರ್ಡಿಯನ್, ದುಂಬಕ್ ಎಂಬ ಸಣ್ಣ ಚರ್ಮವಾದ್ಯ, ಇವುಗಳ ನಿಡಿದಾದ ಪೀಠಿಕೆಯಾದ ಬಳಿಕ ಗಾಯಕಿ ಒಂದು ಚರಣವನ್ನು ಹಾಡುತ್ತಾಳೆ. ಆಗ ಸಭೆಯಲ್ಲಿದ್ದ ಹೆಂಗಸೊಬ್ಬಳು ನಿಧಾನವಾಗಿ ಎದ್ದು, ಹಾಡಿನ ಲಯಕ್ಕೆ ಹೆಜ್ಜೆಯಿಡುತ್ತ, ಬೆರಳ ತುದಿಯಲ್ಲಿ ಹಿಡಿದ ನೋಟನ್ನು ಎಲ್ಲರಿಗೂ ಕಾಣುವಂತೆ ಬೀಸುತ್ತ ವೇದಿಕೆಯವರೆಗೆ ನಡೆದು, ಅದನ್ನು ಗಾಯಕಿಗೆ ಸಲ್ಲಿಸಿ, ಬಂದ ದಾರಿಯಲ್ಲಿಯೇ ಹಿಂದಿರುಗುತ್ತಾಳೆ. ಅದು ಕೇವಲ ಮೆಚ್ಚುಗೆಯ ಕಾಣಿಕೆಯಲ್ಲ. ನೆರೆಮನೆಯವಳೊಡನೆ ಜಗಳವಿದ್ದರೆ, ಸವತಿಯ ಮೇಲೆ ಕೋಪವಿದ್ದರೆ, ಆ ಭಾವಕ್ಕೆ ಒಪ್ಪುವ ಚರಣ ಬಂದ ಕ್ಷಣವನ್ನೇ ಕಾದು ಅವಳು ಏಳುತ್ತಾಳೆ. ಯಾರ ಮುಂದೆ ಒಂದು ಘಳಿಗೆ ನಿಂತು ಹೋದಳೆಂಬುದನ್ನು ಸಭೆಯೆಲ್ಲ ಗಮನಿಸುತ್ತದೆ. ಆಡಬಾರದ ಮಾತು ಹಾಡಿನ ಮರೆಯಲ್ಲಿ ಆಡಿದಂತಾಯಿತು, ಮರ್ಯಾದೆಯೂ ಉಳಿಯಿತು.

ಭೂಖಂಡದ ಕಡೆಯ ಕಥೆ ಬೇರೆ. ಅಲ್ಲಿ ತಂತಿಯನ್ನು ಮೀಟಿದ್ದು ಗಿಟಾರಿನವರು, ಕೇಳಿದ್ದು ಕುಣಿಯಲು ಬಂದವರು. 1930ರ ದಶಕದಿಂದ ಗ್ರಾಮಫೋನ್ ಸಂಸ್ಥೆಯ ಕ್ಯೂಬಾ ಸಂಗೀತದ ತಟ್ಟೆಗಳು ಆಫ್ರಿಕದಲ್ಲೆಲ್ಲ ಹರಡಿದವು. ಆಫ್ರಿಕದಿಂದ ಗುಲಾಮರೊಡನೆ ಹಡಗೇರಿ ಹೋಗಿದ್ದ ಲಯ ತಿರುಗಿ ಮನೆಗೆ ಬಂದದ್ದರಿಂದ ಅದರ ಗುರುತು ಹತ್ತಲು ತಡವಾಗಲಿಲ್ಲ. ಉಲುಗುರು ಪರ್ವತದ ಬುಡದಲ್ಲಿರುವ ಮೊರೊಗೊರೊ ಎಂಬ ಪಟ್ಟಣದ ಸಲೂಮ್ ಅಬ್ದಲ್ಲಾ ಎಂಬ ಹುಡುಗನಿಗೆ ಆ ಸಂಗೀತದ ಹುಚ್ಚು ಎಷ್ಟು ಹಿಡಿಯಿತೆಂದರೆ, ಕ್ಯೂಬಾವನ್ನೇ ಕಾಣಬೇಕೆಂದು ಮನೆಬಿಟ್ಟು ಮೊಂಬಾಸದ ರೇವಿನವರೆಗೆ ಓಡಿಹೋಗಿದ್ದನೆಂದು ಹೇಳುತ್ತಾರೆ. ಹಡಗು ಸಿಕ್ಕಲಿಲ್ಲ, ಹಿಂದಿರುಗಿ ಬಂದು ಕ್ಯೂಬನ್ ಮಾರಿಂಬಾ ಎಂಬ ತಂಡವನ್ನು ಕಟ್ಟಿದನು. ಮೇಳದ ಹೆಸರಷ್ಟೇ ಕ್ಯೂಬಾದ್ದು, ಹಾಡುಗಳು ಅಪ್ಪಟ ಸ್ವಾಹಿಲಿ. 1965ರಲ್ಲಿ ವಾಹನ ಅಪಘಾತದಲ್ಲಿ ಆತ ತೀರಿಕೊಂಡಾಗ ಇನ್ನೂ ನಲವತ್ತು ತುಂಬಿರಲಿಲ್ಲ.

ಅದೇ ಮೊರೊಗೊರೊದಲ್ಲಿ ಮೊರೊಗೊರೊ ಜಾಸ್ ಎಂಬ ಎದುರಾಳಿ ತಂಡವೊಂದಿತ್ತು. 1944ರಲ್ಲಿ ಹುಟ್ಟಿದ ಮ್ಬರಾಕಾ ಮ್ವಿನ್ಶೇಹೆ ಅದರೊಳಗೆ ಸೇರಿ, ಕೆಲವೇ ವರ್ಷಗಳಲ್ಲಿ ಅದರ ಪ್ರಾಣವಾದನು. ಆತನ ಗಿಟಾರು ಹಾಡಿಗೆ ಪಕ್ಕವಾದ್ಯವಾಗಿರುವುದಿಲ್ಲ. ಹಾಡುವವನು ಒಂದು ಮಾತನ್ನು ಹೇಳಿ ನಿಲ್ಲಿಸಿದೊಡನೆ ಆ ಮಾತಿಗೆ ಮರುಮಾತನ್ನು ಕೊಡುತ್ತದೆ, ಕೆಲವೊಮ್ಮೆ ವಾದಿಸುತ್ತದೆ. 1970ರಲ್ಲಿ ಜಪಾನಿನ ಒಸಾಕಾದಲ್ಲಿ ನಡೆದ ಲೋಕಪ್ರದರ್ಶನಕ್ಕೆ ಟಾಂಜಾನಿಯದ ಪ್ರತಿನಿಧಿಯಾಗಿ ಹೋದದ್ದು ಈ ಸಣ್ಣ ಪಟ್ಟಣದ ತಂಡ. ಮುಂದೆ ಆತ ಸೂಪರ್ ವೊಲ್ಕೇನೊ ಎಂಬ ಸ್ವಂತ ತಂಡವನ್ನು ಕಟ್ಟಿದನು. 1979ರ ಜನವರಿಯಲ್ಲಿ, ಕೀನ್ಯಾದ ಕರಾವಳಿಯಲ್ಲಿ, ಆತನನ್ನೂ ರಸ್ತೆಯ ಅಪಘಾತವೇ ಕೊಂಡೊಯ್ದಿತು. ಕಷ್ಟವೆಂಬರ್ಥದ ಶಿದಾ ಎಂಬ ಆತನ ಹಾಡು ಪೂರ್ವ ಆಫ್ರಿಕದಲ್ಲಿ ಇಂದಿಗೂ ಎಲ್ಲರ ಬಾಯಲ್ಲಿದೆ.

ಈ ತಂಡಗಳ ಬಾಳಿಗೆ ಒದಗಿದ ಆಶ್ರಯ ವಿಶಿಷ್ಟವಾದದ್ದು. 1962ರ ಡಿಸೆಂಬರಿನಲ್ಲಿ ಗಣರಾಜ್ಯದ ಪ್ರಥಮಾಧ್ಯಕ್ಷನಾದ ಜೂಲಿಯಸ್ ನೈರೇರೆ, ಪರಕೀಯರ ಆಳ್ವಿಕೆ ತಮ್ಮ ಸಂಸ್ಕೃತಿಯ ಮೇಲಣ ಅಭಿಮಾನವನ್ನೇ ಕಳೆಯಿತೆಂದು ಮರುಗಿ, ಸಂಸ್ಕೃತಿಗಾಗಿಯೇ ಒಂದು ಮಂತ್ರಾಲಯವನ್ನು ಸ್ಥಾಪಿಸಿದನು. ಬಳಿಕ ಪೊಲೀಸರು, ಸೈನ್ಯ, ಕಾರ್ಮಿಕ ಸಂಘ, ನಗರಾಭಿವೃದ್ಧಿ ಸಂಸ್ಥೆ ಎಲ್ಲವೂ ತಮ್ಮ ತಮ್ಮ ವಾದ್ಯತಂಡಗಳನ್ನು ಇಟ್ಟುಕೊಂಡವು. ವಾದ್ಯ ಸಂಸ್ಥೆಯದು, ಕಲಾವಿದನು ಸಂಬಳಗಾರ. 1964ರಲ್ಲಿ ಕಾರ್ಮಿಕ ಸಂಘದ ಆಶ್ರಯದಲ್ಲಿ ಹುಟ್ಟಿದ ನೂಟಾ ಜಾಸ್, ಮಾತೃಸಂಸ್ಥೆಯ ಹೆಸರು ಬದಲಾದಾಗಲೆಲ್ಲ ತಾನೂ ಹೆಸರು ಬದಲಿಸಿಕೊಂಡು, ಕಡೆಗೆ ಮ್ಸೊಂಡೊ ಎಂದು ನಿಂತಿತು. 1978ರಲ್ಲಿ ದಾರ್-ಎಸ್-ಸಲಾಮಿನಲ್ಲಿ ಹುಟ್ಟಿದ ಮ್ಲಿಮಾನಿ ಪಾರ್ಕ್ ಆರ್ಕೆಸ್ಟ್ರಾವನ್ನು ಜನ ಸಿಕಿಂದೆ ಎಂದರು. ಈ ಎರಡರ ಅಭಿಮಾನಿಗಳು ಕಾಲ್ಚೆಂಡಿನ ತಂಡಗಳ ಬೆಂಬಲಿಗರಂತೆ ಊರನ್ನೇ ಇಬ್ಭಾಗ ಮಾಡಿದ್ದರು. ಮುಹಿದ್ದೀನ್ ಗುರುಮೊ ಎಂಬ ಹಿರಿಯ ಗಾಯಕನು ಎರಡರಲ್ಲಿಯೂ ಹಾಡಿದನೆಂಬುದು ಆ ವಿವಾದಕ್ಕೆ ಇನ್ನಷ್ಟು ರುಚಿಯನ್ನು ಕೊಟ್ಟಿತು. ಅವರ ಹಾಡಿನ ರಚನೆಯೂ ಗಮನಾರ್ಹ. ಪೂರ್ವಾರ್ಧ ನಿಧಾನ, ಒಂದು ಸಂಸಾರದ ಕಥೆಯನ್ನು, ಸಾಲದ, ಸಾವಿನ, ಮುರಿದ ಮದುವೆಯ ಕಥೆಯನ್ನು ಮೂರ್ನಾಲ್ಕು ಕಂಠಗಳು ಕೂಡಿ ಸಾವಕಾಶವಾಗಿ ಹೇಳುತ್ತವೆ. ಕಥೆ ಮುಗಿದಲ್ಲಿ ತಾಳ ತಿರುಗಿ, ಗಿಟಾರುಗಳು ಒಂದರೊಳಗೊಂದು ಹೆಣೆದುಕೊಂಡು, ಕುದಿತವೆಂದೇ ಅವರು ಕರೆಯುವ ದ್ರುತಭಾಗ ತೊಡಗುತ್ತದೆ. ಮೊದಲು ಕೇಳು, ಆಮೇಲೆ ಕುಣಿ ಎಂಬ ಈ ವ್ಯವಸ್ಥೆಯಲ್ಲಿ ಕೇಳುಗನ ಬುದ್ಧಿಗೆ ತೋರಿದ ಗೌರವ ನನಗೆ ಬಹಳ ಹಿಡಿಸುತ್ತದೆ.

ಸಂಬಳವಿತ್ತೇ ಹೊರತು ಸಂಪತ್ತಿರಲಿಲ್ಲ. ತಟ್ಟೆ ಒತ್ತಿಸುವುದಕ್ಕೆ ನೈರೋಬಿಗೆ ಹೋಗಬೇಕು. 1977ರಲ್ಲಿ ಕೀನ್ಯಾದೊಡನೆ ಗಡಿ ಮುಚ್ಚಿದ ಮೇಲೆ, 1983ರಲ್ಲಿ ಅದು ತೆರೆಯುವವರೆಗೆ, ಆ ದಾರಿಯೂ ಕಷ್ಟವಾಯಿತು. ಉಳಿದದ್ದು ಸರ್ಕಾರದ ಆಕಾಶವಾಣಿಯೊಂದೇ. ದೇಶದ ಮುಖ್ಯವಾದ ಧ್ವನಿಮುದ್ರಣಶಾಲೆಯೂ ಅದೇ ಆಗಿದ್ದುದರಿಂದ, ಎರಡು ತಲೆಮಾರಿನ ಶ್ರೇಷ್ಠ ಸಂಗೀತವೆಲ್ಲ ಅದರ ಟೇಪಿನ ಸುರುಳಿಗಳಲ್ಲಿ ಸೇರಿಹೋಯಿತು. ಹಾಡು ನಾಡಿನ ಮೂಲೆಮೂಲೆಯನ್ನು ಮುಟ್ಟಿತು. ಹಾಡಿದವರಿಗೆ ದೊರೆತ ಪ್ರತಿಫಲ ಅತ್ಯಲ್ಪ. ಗುರುಮೊ ಅಂಥವರ ಮುಪ್ಪಿನ ಬಡತನವನ್ನು ನೆನೆದರೆ ಈ ವ್ಯವಸ್ಥೆಯನ್ನು ಹೊಗಳಿದ ನಾಲಿಗೆಯೂ ತಡೆಯುತ್ತದೆ.

ಇದೇ ಕಾಲದ ಮತ್ತೊಬ್ಬ ಗಾಯಕ ರೆಮ್ಮಿ ಒಂಗಾಲಾ ಹುಟ್ಟಿದ್ದು 1947ರಲ್ಲಿ, ಕಾಂಗೋದ ಕಿಂದು ಎಂಬಲ್ಲಿ. ಆತನೇ ಹೇಳಿಕೊಂಡಂತೆ, ಮೊದಲಿನ ಮಕ್ಕಳನ್ನು ಕಳೆದುಕೊಂಡಿದ್ದ ತಾಯಿಗೆ ನಾಡವೈದ್ಯನೊಬ್ಬನು ಈ ಮಗುವಿನ ಕೂದಲನ್ನು ಕತ್ತರಿಸಬಾರದೆಂದು ಹೇಳಿದ್ದನು. ಜಡೆಗಟ್ಟಿದ ಕೇಶದಿಂದಲೇ ಆತ ಪ್ರಸಿದ್ಧನಾದನು. 1978ರಲ್ಲಿ ದಾರ್-ಎಸ್-ಸಲಾಮಿಗೆ ಬಂದು, ಸೂಪರ್ ಮಾತಿಮಿಲಾ ತಂಡದ ನಾಯಕನಾಗಿ, ಬಡವನ ಪಕ್ಷದ ಗಾಯಕನೆನಿಸಿಕೊಂಡನು. ಸಾವನ್ನೇ ಎದುರಿಗೆ ನಿಲ್ಲಿಸಿ ಪ್ರಶ್ನಿಸುವ ಕಿಫೋ ಎಂಬ ಹಾಡು ಆತನ ಕೃತಿಗಳಲ್ಲಿ ಶ್ರೇಷ್ಠವಾದದ್ದೆಂದು ನನ್ನ ಎಣಿಕೆ. ಏಡ್ಸ್ ರೋಗ ಹರಡುತ್ತಿದ್ದ ಕಾಲದಲ್ಲಿ, ಕಾಂಡೋಮನ್ನು ಬಳಸಿರೆಂದು ಮುಚ್ಚುಮರೆಯಿಲ್ಲದೆ ಆತ ಹಾಡಿದಾಗ ಸರ್ಕಾರದ ಆಕಾಶವಾಣಿ ಅದನ್ನು ಪ್ರಸಾರಮಾಡಲೊಪ್ಪಲಿಲ್ಲ. ಜನ ಕ್ಯಾಸೆಟ್ಟುಗಳಲ್ಲಿ ಕೇಳಿದರು. 1989ರಲ್ಲಿ ಇಂಗ್ಲೆಂಡಿನ ರಿಯಲ್ ವರ್ಲ್ಡ್ ಸಂಸ್ಥೆ ಆತನ ಹಾಡುಗಳನ್ನು ಲೋಕಕ್ಕೆ ನೀಡಿತು. 2010ರಲ್ಲಿ ಆತ ತೀರಿಕೊಂಡನು. ದಾರ್-ಎಸ್-ಸಲಾಮಿನ ಸಿಂಜಾ ಬಡಾವಣೆಯಲ್ಲಿ ಆತನ ಮನೆಯಿದ್ದೆಡೆಯ ಬಸ್ ನಿಲ್ದಾಣಕ್ಕೆ ಜನ ಆತನ ಹೆಸರನ್ನೇ ಇಟ್ಟು ಕರೆಯುತ್ತಾರೆ.

ಹೊರಗಿನಿಂದ ಏನನ್ನೂ ಕಡತರದೆ, ತನ್ನ ಬುಡಕಟ್ಟಿನ ವಿದ್ಯೆಯೊಂದರಿಂದಲೇ ಲೋಕವನ್ನು ಮುಟ್ಟಿದವನು ಹುಕ್ವೆ ಜವೋಸೆ. ಈತ ದೊಡೊಮಾ ಸೀಮೆಯ ಒಣನೆಲದ ಗೊಗೊ ಜನಾಂಗದವನು; ನೈರೇರೆಯ ಕರೆಯ ಮೇಲೆ ಆಗಿನ ರಾಜಧಾನಿಯಾದ ದಾರ್-ಎಸ್-ಸಲಾಮಿಗೆ ಬಂದು, ಬಳಿಕ ಸಮುದ್ರತೀರದ ಬಗಾಮೊಯೊದಲ್ಲಿನ ಕಲಾಶಾಲೆಯಲ್ಲಿ ನೆಲೆನಿಂತನು. ಆತನ ವಾದ್ಯ ಇಲಿಂಬಾ: ಟೊಳ್ಳಾದ ಮರದ ಪೆಟ್ಟಿಗೆಯ ಮೇಲೆ ಸಾಲಾಗಿ ಕೂಡಿಸಿದ ಕಬ್ಬಿಣದ ನಾಲಗೆಗಳು, ಅವುಗಳನ್ನು ಹೆಬ್ಬೆರಳುಗಳಿಂದ ಮೀಟಬೇಕು. ಪೆಟ್ಟಿಗೆಯ ಮೈಯಲ್ಲಿ ಒಂದು ರಂಧ್ರವನ್ನು ಕೊರೆದು, ಜೇಡ ಹೆಣೆದ ಗೂಡಿನ ತೆಳುಪೊರೆಯನ್ನು ಅದಕ್ಕೆ ಅಂಟಿಸುತ್ತಾರೆ. ನಾಲಗೆ ಮಿಡಿದಾಗಲೆಲ್ಲ ಆ ಪೊರೆ ಕಂಪಿಸಿ ಸ್ವರದ ಸುತ್ತ ಒಂದು ಝೇಂಕಾರವನ್ನು ಹೊರಡಿಸುತ್ತದೆ. ತಂಬೂರಿಯ ಜೀವಾಳದ ಬೆಲೆಯನ್ನು ಬಲ್ಲ ನಮ್ಮವರಿಗೆ ಆ ಝೇಂಕಾರದ ಸೊಗಸನ್ನು ವಿವರಿಸಬೇಕಾಗಿಲ್ಲ. ಹುಕ್ವೆ 2003ರ ಕೊನೆಯಲ್ಲಿ ತೀರಿಕೊಂಡನು. ಆತನ ದೊಡ್ಡ ಕುಟುಂಬ ಬಗಾಮೊಯೊದಲ್ಲಿ ವಿದ್ಯೆಯನ್ನು ಉಳಿಸಿಕೊಂಡಿದೆ. ಗಂಡಸರಿಗೆ ಮೀಸಲಾಗಿದ್ದ ಇಲಿಂಬಾವನ್ನು ಕೈಗೆತ್ತಿಕೊಂಡು ಮಗಳು ಪೆಂದೊ, ಮೊಮ್ಮಗಳು ಲೇಆ ಇಬ್ಬರೂ ಜವೋಸೆ ಕ್ವೀನ್ಸ್ ಎಂಬ ಹೆಸರಿನಲ್ಲಿ ಹಾಡುತ್ತಿದ್ದಾರೆ. ಅವರ ಮೈಶಾ ಎಂಬ ಧ್ವನಿಮುದ್ರಿಕೆ 2024ರಲ್ಲಿ ಹೊರಬಂದಿತು.

ಇಂದಿನ ಯುವಜನರ ಸಂಗೀತ ಬೊಂಗೊ ಫ್ಲಾವಾ. 1990ರ ದಶಕದಲ್ಲಿ ಖಾಸಗಿ ರೇಡಿಯೋ ಬಂದಾಗ ಅಮೆರಿಕದ ರ‍್ಯಾಪಿಗೆ ಸ್ವಾಹಿಲಿ ತೊಡಿಸಿ ಹುಟ್ಟಿದ್ದು ಅದು. ಮಿಸ್ಟರ್ ಟೂ ಎಂಬ ಗಾಯಕನು 2010ರಲ್ಲಿ ಸಂಸತ್ತಿನ ಸದಸ್ಯನೂ ಆದನು. ಅಲಿ ಕಿಬಾ, ಡೈಮಂಡ್ ಪ್ಲಾಟ್ನಮ್ಸ್ ಇವರ ಹೆಸರುಗಳು ಈಗ ಆಫ್ರಿಕದಲ್ಲೆಲ್ಲ ಕೇಳುತ್ತಿವೆ. ವೈಭವ ಹೆಚ್ಚಿದಷ್ಟು ವಸ್ತು ಹೆಚ್ಚಿಲ್ಲವೆಂದು ನನಗನ್ನಿಸಿದರೂ, ಕಂಠಗಳು ಒಳ್ಳೆಯವು. ಡೈಮಂಡನ ಸಂಸ್ಥೆಯಿಂದ 2020ರಲ್ಲಿ ಬೆಳಕಿಗೆ ಬಂದ ಜುಚು ಜಾಂಜಿಬಾರಿನವಳು, ತಾರಬಿನ ಪ್ರಖ್ಯಾತ ಗಾಯಕಿ ಖದೀಜಾ ಕೋಪಾಳ ಮಗಳು.

ಕೇಳುವ ಅಪೇಕ್ಷೆಯುಳ್ಳವರು ಜಾಂಜಿಬಾರಾ ಎಂಬ ಹೆಸರಿನಲ್ಲಿ ಫ್ರಾನ್ಸಿನಿಂದ ಪ್ರಕಟವಾಗಿರುವ ಮಾಲಿಕೆಯಿಂದ ಪ್ರಾರಂಭಿಸಬಹುದು. ಇಖ್ವಾನಿ ಸಫಾದ ನೂರು ವರ್ಷಗಳ ಗಾಯನಕ್ಕೆ ಅದರ ಮೊದಲನೆಯ ಸಂಪುಟ ಮೀಸಲು, ಬೀ ಕಿದೂದೆಗೆ ನಾಲ್ಕನೆಯದು. ಮ್ಲಿಮಾನಿ ಪಾರ್ಕಿನವರದು ಸಿಕಿಂದೆ ಎಂಬ ತಟ್ಟೆ, ಹುಕ್ವೆ ಜವೋಸೆಯದು ಚಿಬಿತೆ. ಭಾಷೆ ತಿಳಿಯದಿದ್ದರೂ ಬೀ ಕಿದೂದೆಯದನ್ನು ಮೊದಲು ಕೇಳಬೇಕು, ಅದರಲ್ಲಿಯೂ ಸಿತಿಯಿಂದ ಆಕೆಗೆ ಬಂದ ಮುಹೋಗೊ ವಾ ಜಂಗೊಂಬೆ ಎಂಬುದನ್ನು.